ಅರ್ಧ ಎಳೆದ ಷಟರ್

"ಅಂಗ್ಡಿ ಮುಚ್ಚಾಕ್ಬುಟ್ಟೆ ಅನ್ಕಂಡಿದ್ದೆ ಕಣವ್ವ!"

ಎದುರು ಬೀದಿಯ ಅಜ್ಜಿ ಅರ್ಧ ಎಳೆದಿದ್ದ ಷಟರ್ ಅಡಿ ಬಗ್ಗಿ ಒಳಬಂದರು. ಕೈಯಲ್ಲಿ ಮೊಮ್ಮಗಳ ಮದುವೆ ಸೀರೆ. ಕುಚ್ಚು ಹಾಕಿಸಲು ಮೈಸೂರಿನ ಬಸ್ಸಿಗೆ ಹೊರಟವರು ಒಳಗೆ ಬೆಳಕು ಕಂಡು ನಿಂತರಂತೆ.

ಕೆ.ಆರ್. ಪೇಟೆಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಪುಟ್ಟ ಅಂಗಡಿ ನನ್ನದು. ವ್ಯಾಪಾರ ಕುಸಿದ ಮೇಲೆ ದಿನವೂ ರೀಲ್ಸ್ ಹಾಕಿ ಹಾಕಿ ಸಾಕಾಗಿತ್ತು. ಬಸ್ಸಿನ ಹಾರನ್ ಕೇಳಿಸಬಾರದೆಂದು ಷಟರ್ ಎಳೆದುಕೊಂಡೇ ವಿಡಿಯೊ ಮಾಡುತ್ತಿದ್ದೆ. ಎಲ್ಲೆಲ್ಲಿಯವರೋ 'ರೇಟ್ ಎಷ್ಟು?' ಎಂದು ಕೇಳುತ್ತಿದ್ದರು, ಹೇಳಿದರೆ ಮತ್ತೆ ಸುದ್ದಿಯಿಲ್ಲ.

"ಮುಚ್ಚಿಲ್ಲ ಅಜ್ಜಿ, ವಿಡಿಯೊ ಮಾಡ್ತಿದ್ದೆ" ಎಂದೆ.

"ಬಾಗ್ಲಾಕ್ಕಂಡು ಯಾರಿಗ್ ತೋರುಸ್ತಿದ್ದೆ?"

ಎದ್ದು ಷಟರ್ ಪೂರ್ತಿ ಮೇಲೆತ್ತಿದೆ. ಈಗ ನನ್ನ ರೀಲ್ಸ್ ತುಂಬಾ ಹಾರನ್ ಸದ್ದೇ. ಅದರ ನಡುವೆ ಆಗಾಗ, "ಅಂಗ್ಡಿ ತೆಗ್ದಿದ್ದೀಯೇನವ್ವ?" ಎಂಬ ದನಿಯೂ ಕೇಳಿಸುತ್ತದೆ.