ಮಾವನ ತಲೆಯ ನಾಟಿ

ಶಾಲೆ ಬಿಟ್ಟವಳು ನಾನು, ನನ್ನ ಅಕ್ಷರ ಕೋಳಿ ಕೆದಕಿದಂತಿದೆ, ಮಾತೂ ಅಷ್ಟಕ್ಕಷ್ಟೇ, ಕ್ಷಮಿಸಿ. ಆದರೆ ನಾಳೆ ಮೊದಲ ಸಲ ಕೂದಲು ಕಸಿ ಮಾಡಿಸಿಕೊಳ್ಳಲಿರುವ ನನ್ನ ಸೋದರಮಾವನ ಬಗ್ಗೆ ಬರೆಯದೆ ಇರಲಾರೆ. ಮಾವನದು ಕ್ಷೌರದಂಗಡಿ, ಅಲ್ಲಿ ಕಸ ಗುಡಿಸುವವಳು ನಾನು. ಅವನ ತಲೆ ಮಾತ್ರ ಮುಂದೆ ಪೂರ್ತಿ ಬೋಳು. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ "ತಲೆ ಅಲ್ಲಾಡಿಸಬೇಡಿ" ಎಂದವನು ಈಗ ಸ್ವತಃ ಆ ಕುರ್ಚಿಯಲ್ಲಿ ಅಲ್ಲಾಡದೆ ಕೂರುವುದನ್ನು ಅಭ್ಯಾಸ ಮಾಡುತ್ತಾನೆ. ಎರಡು ನಿಮಿಷಕ್ಕೇ ಮೂಗು ತುರಿಸುತ್ತದೆ. ಕಸಿಗೆ ಅವನು ನಾಟಿ ಅನ್ನುತ್ತಾನೆ. "ಹಿಂದಿನ ಗದ್ದೆಯಿಂದ ಕಿತ್ತು ಮುಂದಿನ ಗದ್ದೆಗೆ, ಅಷ್ಟೇ ಕಣೇ!" "ಕಳೆ ಕೀಳೋಕೆ ಯಾರು ಬರ್ತಾರಪ್ಪಾ?" ಎಂದು ಗಿರಾಕಿಯೊಬ್ಬರು ಕೇಳಿದರೆ ಎಲ್ಲರಿಗಿಂತ ಜೋರಾಗಿ ನಕ್ಕು, ತೊಳೆದ ಬಾಚಣಿಗೆಗಳನ್ನೇ ಮತ್ತೆ ತೊಳೆಯುತ್ತಾನೆ. ಇವತ್ತಂತೂ ಒಬ್ಬರ ಹಣೆಗೂ ನೊರೆ ಹಚ್ಚಿಬಿಟ್ಟ. "ಸೂಜಿ ಅಂದ್ರೆ ಭಯಾನಾ ಮಾವಾ?" ಎಂದೆ. "ಸೂಜಿಗಲ್ಲ ಕಣೇ. ಹಿಂದಲೆ ಸಣ್ಣಗೆ ಕತ್ತರಿಸ್ಕೊಂಡು ಬಾ ಅಂದಿದ್ದಾರೆ ಡಾಕ್ಟರು. ನನ್ನ ತಲೆಗೆ ನಿಮ್ಮಜ್ಜ ಬಿಟ್ರೆ ಬೇರೆ ಯಾರೂ ಕೈ ಹಾಕಿಲ್ಲ." ಅಜ್ಜ ತೀರಿಕೊಂಡಾಗಿನಿಂದ ಅವನು ಎರಡು ಕನ್ನಡಿಗಳ ನಡುವೆ ನಿಂತು ತಾನೇ ಕತ್ತರಿಸಿಕೊಳ್ಳುತ್ತಿದ್ದಾನೆ ಎಂಬುದು ನನಗೆ ಗೊತ್ತಾದದ್ದು ಆಗಲೇ. "ಇವತ್ತು ನನ್ನ ಕೈಲಿ ಆಗಲ್ಲ. ನೀನೇ ಮಾಡು, ಇಲ್ದಿದ್ರೆ ನಾನು ಹೋಗೋದೇ ಇಲ್ಲ" ಎಂದು, ಇದುವರೆಗೆ ಗಿರಾಕಿಯ ಒಂದು ಕೂದಲನ್ನೂ ಕತ್ತರಿಸದ ನನ್ನ ಕೈಗೆ ಮೆಷಿನ್ ಕೊಟ್ಟು ಕುರ್ಚಿಯಲ್ಲಿ ಕೂತಿದ್ದಾನೆ. ಈಗ ಪೆನ್ನು ಕೆಳಗಿಟ್ಟು, ಅವನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, "ತಲೆ ಅಲ್ಲಾಡಿಸಬೇಡಿ" ಎನ್ನುತ್ತೇನೆ.