ಇನ್ನೊಂದು ರೊಟ್ಟಿ

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಸಾವಿತ್ರೆವ್ವನ ಖಾನಾವಳಿಯಲ್ಲಿ ಸಾಕೆಂಬ ಮಾತಿಗೆ ಬೆಲೆಯಿರಲಿಲ್ಲ. ಉಂಡವನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ, ಆ ಕೈಗಳ ಸಂದಿನಿಂದಲೇ ಆಕೆ ಬಿಸಿ ರೊಟ್ಟಿ ಇಳಿಸುವಳು. "ಇನ್ನೊಂದು, ಯಪ್ಪಾ. ಇದು ಲೆಕ್ಕಕ್ಕಿಲ್ಲ, ಉಣ್ಣು" ಎನ್ನುವಳು. ಗಂಡ ತೀರಿಕೊಂಡ ಮೇಲೆ, ಕೂಸಾಗಿದ್ದ ಕಲ್ಮೇಶನನ್ನು ಎತ್ತಿಕೊಂಡು ದೊಡವಾಡ ಬಿಟ್ಟು ಬಂದ ಹೆಣ್ಣುಮಗಳು ಆಕೆ. ಎದುರಿಗೆ ಕುಳಿತವರು ಹೊಟ್ಟೆ ತುಂಬ ಉಂಡೇಳುವುದನ್ನು ಕಂಡರೆ ತನ್ನ ದುಃಖ ಅಷ್ಟಷ್ಟು ಕಡಿಮೆಯಾದಂತೆ ಆಕೆಗೆ ಅನ್ನಿಸುತ್ತಿತ್ತು.

ಕಲ್ಮೇಶ ಬೆಳೆದು ಕಬಡ್ಡಿ ಆಟಗಾರನಾದ. ಆ ಭಾಗದಲ್ಲಿ ಆಗ ತೂಕದ ಕಬಡ್ಡಿ ಜೋರಾಗಿತ್ತು. ಅರವತ್ತು ಕಿಲೋದೊಳಗಿನವರು ಮಾತ್ರ ಆಡಬೇಕು. ತಂಡಗಳಿಗೆ ಊರಿನ ಹೆಸರಿದ್ದರೂ ಆಡುವವರು ಸಂಬಳದವರು. ಅವುಗಳಲ್ಲಿ ದೊಡವಾಡದ ತಂಡಕ್ಕೂ ರಾಮದುರ್ಗದ ಕಡೆಯ ಸುರೇಬಾನದ ತಂಡಕ್ಕೂ ಹಾವು ಮುಂಗುಸಿಯ ಹಗೆ. ಕಲ್ಮೇಶ ದೊಡವಾಡದ ಪರವಾಗಿ ದಾಳಿಗೆ ಹೋಗುವವನು. ಎತ್ತರದ ಆಳು, ದಪ್ಪ ಎಲುಬು. ಉಳಿದವರು ಉಂಡುಕೊಂಡು ಆಡಿದರೆ, ಇವನು ಅರವತ್ತರೊಳಗೆ ಉಳಿಯಲು ಪಂದ್ಯಾವಳಿಗೆ ಮೊದಲೇ ಉಪವಾಸ ಹಿಡಿಯಬೇಕು. ಊರಿಗೆಲ್ಲ ಉಣಿಸುವ ತಾಯಿಯ ಕಣ್ಣೆದುರಿಗೇ ಮಗ ಲಿಂಬೆಹಣ್ಣಿನ ನೀರು ಕುಡಿದು ಮಲಗುತ್ತಿದ್ದ.

೧೯೯೮ರ ಬೇಸಿಗೆಯಲ್ಲಿ ಬೈಲಹೊಂಗಲದಲ್ಲೇ ದೊಡ್ಡ ಪಂದ್ಯಾವಳಿ ಏರ್ಪಾಡಾಯಿತು. ಸೆಮಿಫೈನಲ್ಲಿನಲ್ಲಿ ದೊಡವಾಡಕ್ಕೆ ಸುರೇಬಾನವೇ ಎದುರು ಬಿತ್ತು. ಕಲ್ಮೇಶನ ಆಟ ನೋಡಲು ಹುಬ್ಬಳ್ಳಿಯ ಒಂದು ಕಂಪನಿಯಿಂದ ತರಬೇತುದಾರರು ಬರುವವರಿದ್ದರು. ಮನಸ್ಸಿಗೆ ಬಂದರೆ ತಮ್ಮ ತಂಡಕ್ಕೆ ಸೇರಿಸಿಕೊಂಡು ಕಾಯಂ ನೌಕರಿ ಕೊಡುತ್ತಾರೆಂದು ಸುದ್ದಿ. ಅಲ್ಲಿ ಅರವತ್ತು ಕಿಲೋದ ಕಟ್ಟಿಲ್ಲ, ಆ ನೌಕರಿ ಬಂದರೆ ಇನ್ನು ಯಾವ ತಕ್ಕಡಿಯನ್ನೂ ಹತ್ತಬೇಕಾಗಿಲ್ಲ ಎಂದು ಕಲ್ಮೇಶ ತಾಯಿಗೆ ಹೇಳಿದ್ದ.

ಪಂದ್ಯದ ದಿನ ಬೆಳಿಗ್ಗೆ ಖಾನಾವಳಿಯಲ್ಲಿ ಬೇರೆ ಮಾತೇ ಇರಲಿಲ್ಲ. ಪೇಟೆಯಲ್ಲಿ ಹತ್ತಿ ದಲಾಲಿ ಮಾಡುವ ದುಂಡಪ್ಪ ಇಂಥ ವಿಷಯದಲ್ಲಿ ಹಿರಿಯ ಪಂಡಿತ. ಅವನು ರೊಟ್ಟಿ ಮುರಿಯುತ್ತ ಎರಡೂ ತಂಡಗಳನ್ನು ತೂಗಿದ.

"ಸುರೇಬಾನದಾವರು ಏಳೂ ಮಂದಿ ಗ್ವಾಡಿ ನಿಂತಂಗ ನಿಂದರತಾರ. ಒಬ್ಬಾಂವ ಬಿದ್ದರ ಇನ್ನೊಬ್ಬಾಂವ ಅದಾನ. ದೊಡವಾಡದಾಗ ಏನೈತಿ? ಕಲ್ಮೇಶ ಒಬ್ಬಾಂವ."

"ಅಂವನ ಕಾಲಾಗ ಮಿಂಚ ಐತಿ ಬಿಡ್ರಿ, ದುಂಡಪ್ಪಣ್ಣ" ಎಂದನೊಬ್ಬ.

"ಕಾಲಾಗ ಐತೋ, ಹೊಟ್ಯಾಗ ಏನೈತಿ? ಬರೇ ಲಿಂಬಿಹಣ್ಣಿನ ನೀರು! ಮೊದಲನೇ ಅರ್ಧ ಅಂವ ಆಡಸ್ತಾನ. ಎರಡನೇ ಅರ್ಧದಾಗ ಅಂವನ್ನ ನಾಕ ಮಂದಿ ಹೊತಗೊಂಡು ಬರಬೇಕಾಗತೈತಿ. ಬರದ ಇಟಗೋರಿ, ಸುರೇಬಾನ ಫೈನಲ್ಲಿಗೆ ಹ್ವಾದಂಗ."

ಎಲ್ಲರೂ ನಕ್ಕರು. ಒಲೆಯ ಮುಂದಿದ್ದ ಸಾವಿತ್ರೆವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. ದುಂಡಪ್ಪನ ಲೆಕ್ಕದಲ್ಲಿ ದೊಡವಾಡಕ್ಕಿದ್ದ ಕೊರತೆ ಒಂದೇ, ತನ್ನ ಮಗನ ಹಸಿವು. ಉಳಿದದ್ದು ಆಕೆಗೆ ತಿಳಿಯದು. ಹಸಿವಿನ ಮದ್ದು ಮಾತ್ರ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಕಲ್ಮೇಶ ಒಳಗೆ ಬಂದಾಗ ಆಕೆ ಅವನನ್ನು ಬಲವಂತವಾಗಿ ಕೂರಿಸಿದಳು.

"ಒಂದ ರೊಟ್ಟಿ ಉಣ್ಣೋ, ನನ್ನಪ್ಪಾ. ತೂಕಾ ಮೊನ್ನೇನ ಆಗೇತಲ್ಲ?"

"ಬ್ಯಾಡಬೇ ಯವ್ವಾ. ಎದುರಿನಾವರು ಕೇಳಿದರ ಆಟದ ಮುಂಚೆ ಮತ್ತ ತೂಗತಾರ."

"ಯಾರ ಕೇಳತಾರ? ಇಷ್ಟ ವರ್ಷದಾಗ ಯಾರರ ಕೇಳ್ಯಾರೇನು? ಎಲ್ಲಾರೂ ನಮ್ಮ ಮನ್ಯಾಗ ಉಂಡಾವರು."

ಅದು ಸುಳ್ಳಾಗಿರಲಿಲ್ಲ. ಮರುತೂಕ ಕೇಳುವ ನಿಯಮವಿದ್ದರೂ ಹಾಗೆ ಕೇಳುವುದು ಮಾನಗೇಡು ಎಂದು ಯಾರೂ ಕೇಳುತ್ತಿರಲಿಲ್ಲ. ಎರಡೂ ತಂಡಗಳ ಊಟ ಸಾವಿತ್ರೆವ್ವನಲ್ಲೇ ಇತ್ತು. ಸುರೇಬಾನದ ನಾಯಕ ಶಂಕರೆಪ್ಪ ಆಗ ಪಕ್ಕದ ಮಣೆಯಲ್ಲೇ ಕುಳಿತು ಉಣ್ಣುತ್ತಿದ್ದ. ತಾಯಿಯಿಲ್ಲದವನೆಂದು ಸಾವಿತ್ರೆವ್ವನಿಗೆ ಅವನ ಮೇಲೆ ಒಂದು ತುತ್ತು ಹೆಚ್ಚಿನ ಅಕ್ಕರೆ.

"ಉಣ್ಣೋ ಕಲ್ಮೇಶಾ" ಎಂದ ಶಂಕರೆಪ್ಪ, ನಗುತ್ತ. "ಅವ್ವಾರ, ನೀವು ಹಾಕ್ರಿ, ನಾಚತಾನ ಅಂವ. ಎಣ್ಣಿಗಾಯಿ ಹಾಕ್ರಿ. ಮೊಸರು ಹಾಕ್ರಿ."

"ನೋಡು, ವೈರಿ ಆದಾಂವನ ಹೇಳತಾನ!" ಎಂದು ಆಕೆ ಹಿಗ್ಗಿದಳು.

ಎಷ್ಟೋ ದಿನದಿಂದ ಕಟ್ಟಿಹಾಕಿದ್ದ ಹಸಿವು ಮೊದಲ ತುತ್ತಿಗೇ ಹಗ್ಗ ಹರಿದುಕೊಂಡಿತು. ಕಲ್ಮೇಶ ಉಂಡ. ಆಕೆ ಇನ್ನೊಂದು ಹಾಕಿದಳು. ಅದನ್ನೂ ಉಂಡು, ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಮಗನ ಮುಖಕ್ಕೆ ಬಂದ ಕಳೆಯನ್ನು ಸಾವಿತ್ರೆವ್ವ ಕಣ್ತುಂಬ ನೋಡಿದಳು. ಅವನ ಆಟವನ್ನು ಎಂದೂ ನೋಡದವಳು ಆ ದಿನ ಖಾನಾವಳಿಯ ಬಾಗಿಲು ಹಾಕಿಕೊಂಡು ಮೈದಾನಕ್ಕೆ ಹೋದಳು.

ಆಟಗಾರರು ಅಂಗಳಕ್ಕಿಳಿದಾಗ ಶಂಕರೆಪ್ಪ ಆಟದ ತೀರ್ಪು ಹೇಳುವ ಪಂಚರ ಹತ್ತಿರ ಹೋಗಿ ಏನೋ ಹೇಳಿದ. ಸ್ವಲ್ಪ ಹೊತ್ತಿನಲ್ಲೇ ಇಬ್ಬರು ಹಮಾಲರು ಅಡತಿ ಅಂಗಡಿಯ ಕಾಟಾ ಹೊತ್ತು ತಂದು ನಡುವೆ ಇಟ್ಟರು. ಚೀಲ ತೂಗುವ ಕಾಟಾಕ್ಕೆ ಇಲ್ಲೇನು ಕೆಲಸವೆಂದು ಸಾವಿತ್ರೆವ್ವನಿಗೆ ತಿಳಿಯಲಿಲ್ಲ. ಕಲ್ಮೇಶನ ಹೆಸರು ಕೂಗಿದಾಗ ತಿಳಿಯಿತು.

ಕಲ್ಮೇಶ ಹತ್ತಿದ. ಅರವತ್ತಕ್ಕೆ ಇಟ್ಟಿದ್ದ ಕಾಟಾದ ಕಡ್ಡಿ ಮೇಲೆದ್ದು ನಿಂತಿತು, ತೂಕ ಹೆಚ್ಚು. ಬನಿಯನ್ ತೆಗೆದು ಹತ್ತಿದ. ಮತ್ತೆ ಎದ್ದಿತು. ಪಂಚರು ಸ್ವಲ್ಪ ಸಮಯ ಕೊಟ್ಟರು. ಆ ಉರಿಬಿಸಿಲಿನಲ್ಲಿ ಗೆಳೆಯರು ಅವನಿಗೆ ಕಂಬಳಿ ಹೊದಿಸಿ ಮೈದಾನದ ಸುತ್ತ ಓಡಿಸಿದರು. ಜನ ಸೀಟಿ ಹೊಡೆದರು. ಅವನು ಗೋಡೆಯ ಬದಿಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡ. ಬಾಗಿದ ಅವನ ಬೆನ್ನನ್ನೂ, ಮಣ್ಣಿನ ಮೇಲೆ ಬಿದ್ದ ತನ್ನ ರೊಟ್ಟಿ ಮೊಸರನ್ನೂ ಸಾವಿತ್ರೆವ್ವ ಕಂಡಳು. ಬೆನ್ನು ಸವರಲು ಎದ್ದು ಹೋದಳು. ಅವನು ತಿರುಗಿ ನೋಡದೆಯೇ ಮೊಣಕೈಯಿಂದ ಆಕೆಯ ಕೈ ಸರಿಸಿದ.

ಕಡೆಯ ಸಲ ಹತ್ತಿದಾಗಲೂ ಕಡ್ಡಿ ಸಮಕ್ಕೆ ಬರಲಿಲ್ಲ. ಒಂದು ಹಿಡಿ ಜೋಳದಷ್ಟು ಹೆಚ್ಚಿತ್ತು, ಅಷ್ಟೇ.

ಕಲ್ಮೇಶನ ಬದಲಿಗೆ ಬೇರೊಬ್ಬನನ್ನು ಇಳಿಸಿ ದೊಡವಾಡ ಆಡಿತು, ಸೋತಿತು. ಮಂದಿಯ ನಡುವೆ ದುಂಡಪ್ಪ "ನಾ ಮುಂಜಾನೇನ ಹೇಳಿರಲಿಲ್ಲೇನು?" ಎಂದು ಎದೆ ಸೆಟೆಸಿ ತಿರುಗುತ್ತಿದ್ದ. ಹುಬ್ಬಳ್ಳಿಯ ತರಬೇತುದಾರರು ಶಂಕರೆಪ್ಪನ ಹೆಸರು ಬರೆದುಕೊಂಡು ಹೋದರು.

ಮನೆಗೆ ಬಂದ ಮೇಲೆ ಸಾವಿತ್ರೆವ್ವ ಶಂಕರೆಪ್ಪನನ್ನು ಬಾಯಿಗೆ ಬಂದಂತೆ ಬೈದಳು. ಅರಿವೆ ಗಂಟು ಕಟ್ಟುತ್ತಿದ್ದ ಕಲ್ಮೇಶ ಆಗ ಒಂದೇ ಮಾತಾಡಿದ.

"ಅಂವ ವೈರಿ, ಅಂವನ ಕೆಲಸಾ ಅಂವ ಮಾಡಿದ. ನೀ ನನಗ ಏನಾಗಬೇಕಬೇ?"

ಆಕೆ ಬಾಗಿಲಿಗೆ ಒರಗಿ ನಿಂತಳು. ಅವನು ಪಕ್ಕದಿಂದ ಹಾದು ಹೋದ.

ಕಲ್ಮೇಶ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಮೇಲೆ ಡ್ರೈವರನಾದ. ಹಂಗಾಮಿನಲ್ಲಿ ಆಗಾಗ ಬೈಲಹೊಂಗಲಕ್ಕೂ ಬರುತ್ತಿದ್ದ. ಲಾರಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕೊಂಡು ನಿಂತೇ ತಿನ್ನುತ್ತಿದ್ದ. ರೊಟ್ಟಿ ಬಡಿಯುವ ರಾಮವ್ವನ ಕೈಯಲ್ಲಿ ಸಾವಿತ್ರೆವ್ವ ತಾಟು ಕಳಿಸಿ ನೋಡಿದಳು. ಹೊದಿಸಿದ ಅರಿವೆ ಸಹ ಸರಿಯದೆ ತಾಟು ಹಿಂದಿರುಗಿತು. "ಹಸಿವಿಲ್ಲಂತ್ರಿ" ಎಂದಳು ರಾಮವ್ವ, ಮುಖ ತಗ್ಗಿಸಿ. ಮುಂದೆ ಅವನ ಮದುವೆಯಾಗಿ, ಸೊಸೆಯಾಗಿ ಬಂದ ವಿಜಯ ಹಬ್ಬಕ್ಕೆ ಬಂದು ಉಂಡು ಹೋಗುವಳು. ಮಗ ಬರಲಿಲ್ಲ.

ಆ ಪಂದ್ಯದ ದಿನದಿಂದ ಸಾವಿತ್ರೆವ್ವನ ಖಾನಾವಳಿಯಲ್ಲಿ ಒತ್ತಾಯ ನಿಂತಿತು. ರೊಟ್ಟಿಯ ರುಚಿ ಕೆಡಲಿಲ್ಲ. ಸಾಕೆಂದವನಿಗೆ ಸಾಕು. ಏನೂ ಹೇಳದವನಿಗೂ ಸಾಕು. ಹಳೆಯ ಗಿರಾಕಿಗಳು ಆಕೆಗೆ ಸೊಕ್ಕು ಬಂತೆಂದು ಆಡಿಕೊಂಡರು.

ಎಂಟು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಶಂಕರೆಪ್ಪ ಬಂದ. ಕಂಪನಿ ನೌಕರಿಯಲ್ಲಿ ಮೈ ತುಂಬಿಕೊಂಡಿದ್ದ. ಹಳೆಯ ಮಣೆಯ ಮೇಲೆಯೇ ಕುಳಿತ.

"ಅವ್ವಾರ, ಇನ್ನೂ ಸಿಟ್ಟ ಐತೇನ್ರಿ? ನಿಯಮ ಇತ್ತರಿ, ಕೇಳಿದೆ. ನಾ ಬಡವ, ತಾಯಿಲ್ಲದಾಂವ."

ಸಾವಿತ್ರೆವ್ವ ಎಲ್ಲರಿಗೂ ಹಾಕುವಂತೆ ಎರಡು ರೊಟ್ಟಿ, ಪಲ್ಯ, ಶೇಂಗಾಹಿಂಡಿ ಹಾಕಿ ಒಲೆಯ ಕಡೆಗೆ ನಡೆದಳು. ಅವನು ಉಂಡು ಮುಗಿಸಿದ. ಖಾಲಿ ತಾಟಿನಲ್ಲಿ ಕೈಯಿಟ್ಟುಕೊಂಡು, ಅಭ್ಯಾಸಬಲದಿಂದ ಆ ಹಳೆಯ ಮಾತಿಗಾಗಿ ಕಾದ. ಕೈ ಒಣಗಿತು.

"ಅವ್ವಾರ... 'ಇನ್ನೊಂದು' ಅನ್ನೂದಿಲ್ಲೇನ್ರಿ?"

"ಬೇಕಾದರ ಕೇಳು" ಎಂದಳು ಸಾವಿತ್ರೆವ್ವ, ತಿರುಗದೆ. "ಕೇಳಾಕ ನಿನಗ ಯಾವಾಗ ನಾಚಿಕಿ ಇತ್ತು?"

ಅವನು ಕೇಳಲಿಲ್ಲ. ಎದ್ದು ಕೈ ತೊಳೆದುಕೊಂಡ. ಓಣಿಯ ಬಾಯಲ್ಲಿ ಆಗ ಒಂದು ಕಬ್ಬಿನ ಲಾರಿ ಬಂದು ನಿಂತ ಸದ್ದಾಯಿತು. ಸಾವಿತ್ರೆವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು, ಬಾಗಿಲ ಕಡೆ ನೋಡಲಿಲ್ಲ.