ಸದಾಶಿವಗಡದ ಹನ್ನೆರಡು ತಟ್ಟೆ

ನಿನ್ನೆ ಅಡುಗೆಮನೆಯ ಡಬ್ಬಿಗಳನ್ನು ಒರೆಸಿ ಇಡುತ್ತಿದ್ದಾಗ ತೆಪ್ಪಲದ ಡಬ್ಬಿಯ ಮುಚ್ಚಳ ಕೈಯಲ್ಲೇ ಬಿಚ್ಚಿಕೊಂಡಿತು. ತೆಪ್ಪಲ ನಿಮಗೆ ಗೊತ್ತಿರಬೇಕು. ಒಣಗಿ ಬಾಯಿಬಿಟ್ಟ ಸಣ್ಣ ಕಾಯಿ, ಬಾಂಗಡೆಯ ಸಾರಿಗೆ ನಾಲ್ಕು ಜಜ್ಜಿ ಹಾಕಿದರೆ ನಾಲಿಗೆ ಜುಮ್ಮೆನ್ನುತ್ತದೆ. ಡಬ್ಬಿಯಲ್ಲಿದ್ದದ್ದು ಯಾವ ಕಾಲದ್ದೋ, ಆದರೂ ಪರಿಮಳ ಹೋಗಿರಲಿಲ್ಲ. ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ಕುಳಿತುಬಿಟ್ಟೆ. ಉಳಿದ ಡಬ್ಬಿಗಳು ಇನ್ನೂ ಹಾಗೇ ಇವೆ. ಅವುಗಳ ಪಾಡಿಗೆ ಅವು ಇರಲಿ, ನಿಮಗೆ ಆ ತೆಪ್ಪಲ ತುಂಬಿಟ್ಟ ನನ್ನ ಶಾಂತತ್ತೆಯ ಕತೆ ಹೇಳುತ್ತೇನೆ. ನಾನು ಮಾಡಿದ ಒಂದು ತಪ್ಪಿನ ಕತೆಯೂ ಅದರೊಳಗೇ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಡಿಗ್ರಿ ಮುಗಿಸಿದವಳೇ ನಾನು ಕಾರವಾರದ ಒಂದು ಪುಟ್ಟ ವಾರಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆ ಬೊಬ್ರುವಾಡದಲ್ಲಿ. ದಿನಾ ಅಂಕೋಲೆಯ ಬಸ್ ಸ್ಟ್ಯಾಂಡಿಗೆ ಬಂದು ಕಾರವಾರದ ಬಸ್ಸು ಹಿಡಿಯುತ್ತಿದ್ದೆ. ಪತ್ರಿಕೆಯೆಂದರೆ ನಾಲ್ಕು ಪುಟ, ಎರಡು ಕಂಪ್ಯೂಟರು, ಒಂದು ಫ್ಯಾನು. ಸಂಪಾದಕರು ನಿವೃತ್ತ ಶಿಕ್ಷಕರು, ಎಲ್ಲರ ಬಾಯಲ್ಲೂ ಮಾಸ್ತರು. ವರದಿಯಲ್ಲಿ ಕಾಗುಣಿತ ತಪ್ಪಿದರೆ ಆಗಲೂ ಹತ್ತು ಸಲ ಬರೆಸುತ್ತಿದ್ದರು.

ನಾನೋ ದೊಡ್ಡ ದೊಡ್ಡ ತನಿಖಾ ವರದಿ ಬರೆಯುವ ಹುಮ್ಮಸ್ಸಿನಲ್ಲಿ ಬಂದವಳು. ಮಾಸ್ತರು ನನಗೆ ಕೊಟ್ಟದ್ದು ಕೊನೆಯ ಪುಟದ ಎಡಗಡೆಯ ಕಾಲಂ. ಅದರ ಹೆಸರು ‘ಹೋಗಿ ಬನ್ನಿ’. ಯಾವ ಬಸ್ಸಿನ ವೇಳೆ ಬದಲಾಯಿತು, ಯಾವ ರೈಲು ತಡ, ಎಲ್ಲಿ ನಾಟಕ, ಎಲ್ಲಿ ಭಜನೆ ಸ್ಪರ್ಧೆ, ಕಡಲ ದಂಡೆಯಲ್ಲಿ ಈ ಭಾನುವಾರ ಏನು ಕಾರ್ಯಕ್ರಮ, ಎಲ್ಲಾ ಅದರಲ್ಲಿ. ತಳದಲ್ಲಿ ಒಂದು ಚೌಕ: ‘ಕೈಗೆಟಕುವ ಊಟ’. ಹೊರಗಿನಿಂದ ಬಂದವರು ಹೆಚ್ಚು ಖರ್ಚಿಲ್ಲದೆ ಹೊಟ್ಟೆ ತುಂಬಿಸಿಕೊಳ್ಳಲು ಒಂದು ಜಾಗ, ವಾರಕ್ಕೊಂದು.

ಶುರುವಿನಲ್ಲೇ ನಾನು ಬೆಳಗಿನ ಒಂದು ಲೋಕಲ್ ರೈಲನ್ನು ಸಂಜೆಗೆ ಓಡಿಸಿದೆ. ಅಚ್ಚಿನಲ್ಲಿ ಮಾತ್ರ. ಅದನ್ನು ನಂಬಿ ಅಂಕೋಲೆ ಸ್ಟೇಷನ್ನಿಗೆ ಹೋದ ಅಜ್ಜ ಒಬ್ಬರು ಮರುದಿನ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಆಫೀಸಿಗೇ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನಾ ಬರೆಯೂದು? ನಾನು ಯಾರೋ ದೊಡ್ಡವರು ಅಂದ್ಕಂಡಿದ್ದೆ,” ಎಂದು ಹೇಳಿ ಬೈಯದೇ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಊಟದ ಚೌಕದ ತೊಂದರೆ ಬೇರೆ. ಆಗ ಒಬ್ಬಳೇ ಹುಡುಗಿ ಖಾನಾವಳಿಗೆ ಹೋಗಿ ಮೀನೂಟ ಕೇಳಿದರೆ ಇಡೀ ಖಾನಾವಳಿ ಊಟ ನಿಲ್ಲಿಸಿ ನೋಡುತ್ತಿತ್ತು. ಎರಡು ವಾರ ತಲೆ ತಗ್ಗಿಸಿ ತಿಂದು ಬಂದೆ. ಏನು ತಿಂದೆನೆಂದೇ ನೆನಪಾಗದೆ ‘ಸ್ವಾದಿಷ್ಟ’ ಎಂದು ಬರೆದೆ. ಮೂರನೆಯ ವಾರ, ಊಟಕ್ಕೆ ಜೊತೆಗೆ ಬರುತ್ತೀಯಾ ಎಂದು ಶಾಂತತ್ತೆಯನ್ನು ಕೇಳಿದೆ.

ಶಾಂತತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಳು. ಐವತ್ತು ದಾಟಿದ್ದ ಅವಳು ಗದ್ದೆಯ ಕೆಲಸ, ಅಡುಗೆಯ ಕೆಲಸ ಎರಡನ್ನೂ ಒಂದೇ ಸೆರಗು ಬಿಗಿದುಕೊಂಡು ಮಾಡುವವಳು. ಹುಟ್ಟಿದಂದಿನಿಂದ ಒಂದು ಸಲವೂ ಖಾನಾವಳಿಯಲ್ಲಿ ಕೂತು ಉಂಡವಳಲ್ಲ.

“ಬೇರೆಯವ್ರು ಮಾಡಿದ್ದನ್ನ ಕೂತು ಉಣ್ಣೂದೇ? ಅದಕ್ಕೂ ಸಂಬಳ ಕೊಡ್ತರೇ?” ಎಂದಳು. ಸಂಬಳ ನನಗೆ, ಊಟ ನಿನಗೆ ಎಂದು ವಿವರಿಸಿದೆ. ಸ್ವಲ್ಪ ಯೋಚಿಸಿ, ಪೆಟ್ಟಿಗೆಯಿಂದ ಮದುವೆ ಮನೆಗೆ ಉಡುವ ಸೀರೆ ತೆಗೆದಳು.

ಮೊದಲ ದಿನ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ಊಟ ಮುಗಿಸಿದವಳೇ ತನ್ನ ತಟ್ಟೆಯನ್ನು ತೊಳೆಯಲು ಹೊರಟಳು. ಮಾಲೀಕ ಓಡಿ ಬಂದು ತಟ್ಟೆ ಹಿಡಿದ, ಇವಳು ಬಿಡಲಿಲ್ಲ, ಇಬ್ಬರ ನಡುವೆ ತಟ್ಟೆ ಸ್ವಲ್ಪ ಹೊತ್ತು ಅತ್ತಿತ್ತ ಹೋಯಿತು. ಆದರೆ ಬಸ್ಸಿನಲ್ಲಿ ಕೂತ ಮೇಲೆ ಅವಳು ಹೇಳಿದ್ದನ್ನು ಕೇಳಿ ನಾನು ನೋಟುಪುಸ್ತಕ ತೆಗೆಯಬೇಕಾಯಿತು. “ಕೊತ್ತುಂಬರಿ ಹೊತ್ತಿಸಿದಾರೆ. ಕಾಯಿ ನಿನ್ನೆ ಹೆರ್ದದ್ದು. ಮೀನು ಮಾತ್ರ ಬೆಳಗಿನದು, ಸುಳ್ಳು ಹೇಳೂಕಾಗ.” ನಾನು ಅದನ್ನು ಹಾಗೆಯೇ ಅಚ್ಚಿಗೆ ಕೊಟ್ಟೆ. ಆ ವಾರ ಮಾಸ್ತರಿಗೆ ಮೂರು ಪತ್ರ ಬಂದವು. ‘ಕೈಗೆಟಕುವ ಊಟ ಬರೆಯುವವರು ಅನುಭವಸ್ಥರು’ ಎಂದು ಒಂದರಲ್ಲಿತ್ತು. ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಅತ್ತೆಗೆ ಹೇಳಲೂ ಇಲ್ಲ.

ಹೀಗೆ ನಾವಿಬ್ಬರೂ ಐದಾರು ತಿಂಗಳು ಕಾರವಾರವನ್ನು ಉಂಡೆವು. ಅತ್ತೆ ಮುರುಗಲ ಹುಳಿಯ ಸೋಲಕಡಿ ಕುಡಿದು ಮುಖ ಕಿವಿಚಿದ್ದು, ತಿಸರೆಯ ಚಿಪ್ಪಿನಲ್ಲಿ ಮರಳು ಸಿಕ್ಕಿ ಅಡುಗೆಯವನನ್ನೇ ಹೊರಗೆ ಕರೆಸಿ ತೊಳೆಯುವ ಕ್ರಮ ಕಲಿಸಿದ್ದು, ಇನ್ನೊಂದು ಕಡೆ ಇಡ್ಲಿ ಮೆಚ್ಚಿ ಅಕ್ಕಿ ಯಾವುದೆಂದು ಕೇಳಿಕೊಂಡು ಬಂದದ್ದು, ಎಲ್ಲಾ ಹೇಳುತ್ತಾ ಹೋದರೆ ಮಾಸ್ತರು ಕೊಟ್ಟ ಜಾಗ ಸಾಲದು ಎನ್ನುತ್ತಿದ್ದೆ. ಈಗ ಮಾಸ್ತರಿಲ್ಲ, ಜಾಗ ಎಷ್ಟು ಬೇಕಾದರೂ ಇದೆ. ಆದರೂ ಮುಖ್ಯದ್ದಕ್ಕೆ ಬರುತ್ತೇನೆ.

ಒಂದು ದಿನ ಸದಾಶಿವಗಡದಲ್ಲಿ ಮಹಿಳಾ ಮಂಡಲದವರ ಕೈಕೆಲಸದ ಪ್ರದರ್ಶನವಿತ್ತು. ಅದನ್ನು ನೋಡಿ ಬರೆಯಲು ಕಾಳಿ ಸೇತುವೆ ದಾಟಿ ಹೋದೆವು. ಮಧ್ಯಾಹ್ನ ಹಸಿವಾಯಿತು. ಟೆಂಪೋ ಚಾಲಕನೊಬ್ಬ, “ನಾವು ರತ್ನಾಬಾಯಿಯವರಲ್ಲಿ ಉಣ್ಣೂದು, ಬನ್ನಿ,” ಎಂದು ಕರೆದೊಯ್ದ. ಬೋರ್ಡಿಲ್ಲದ ಹಂಚಿನ ಮನೆ. ನೀಲಿ ಬಾಗಿಲು. ಜಗುಲಿಯ ಮೇಲೆ ಎರಡು ಬೆಂಚು. ನಲವತ್ತರ ಆಸುಪಾಸಿನ ರತ್ನಾಬಾಯಿ ಒಳಗಿಂದ ಇಣುಕಿ ನಮ್ಮನ್ನು ಎಣಿಸಿದರು. “ಹನ್ನೆರಡು ಜನರ ಅಡಿಗೆ ನಂದು. ಇವತ್ತು ಇಬ್ಬರು ಬರಲಿಲ್ಲ. ಕೂತ್ಕಳಿ.”

ಕುಚ್ಚಲಕ್ಕಿ ಅನ್ನ, ಮೇಲೆ ತಾರ್ಲೆ ಮೀನಿನ ಸಾರು. ಶಾಂತತ್ತೆ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು. ಮುಳ್ಳು ಸಿಕ್ಕಿತೇನೋ ಎಂದು ನಾನು ಗಾಬರಿಯಾದೆ. ಅವಳು ಬೆರಳಿನಿಂದ ಸಾರಿನೊಳಗಿದ್ದ ಬೆಂದ ಹುಳಿಕಾಯಿಯೊಂದನ್ನು ಬದಿಗೆ ಸರಿಸಿ ನೋಡಿದಳು.

“ಬಿಂಬಲಿ ಹಾಕಿದ್ರಾ?” ಎಂದು ಕೇಳಿದಳು.

“ಹೌದು ಬಾಯೀ. ನಮ್ಮ ಬದಿಗೆ ಹಾಗೇ ಮಾಡೂದು.”

“ನಿಮ್ಮ ಬದಿ ಅಂದ್ರೆ ಯಾವ್ದು?”

“ಈಗ ಎಂತ ಹೇಳೂದು... ತೋಡೂರು.”

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ತೋಡೂರು ಅವಳ ತಾಯಿಯ, ಅಂದರೆ ನನ್ನ ಅಜ್ಜಿಯ ತವರು. ಅವಳ ಬೇಸಿಗೆ ರಜೆಗಳೆಲ್ಲ ಕಳೆದದ್ದು ಅಲ್ಲಿ. ನೌಕಾನೆಲೆಯ ಯೋಜನೆಗೆ ಆ ಕಡೆಯ ಮನೆಗಳು ಹೋದಾಗ ಅಜ್ಜಿಯ ತವರಿನವರೂ ಎದ್ದು ಒಬ್ಬೊಬ್ಬರು ಒಂದೊಂದು ಕಡೆಯಾಗಿದ್ದರು. ಅಜ್ಜಿ ಸತ್ತ ಮೇಲೆ ಈ ಸಾರನ್ನು ಯಾರೂ ಮಾಡಿರಲಿಲ್ಲ. ಅತ್ತೆ ಎಷ್ಟೋ ಸಲ ಪ್ರಯತ್ನಿಸಿ ಕೈಬಿಟ್ಟಿದ್ದಳಂತೆ. ನನಗೆ ಆ ದಿನವೇ ತಿಳಿದದ್ದು. ರತ್ನಾಬಾಯಿಯವರ ಮನೆಯೂ ಹಾಗೆಯೇ ಹೋಗಿತ್ತು. ಗಂಡ ಗೋವಾದಲ್ಲಿ ದೋಣಿ ಕೆಲಸಕ್ಕಿದ್ದ. ಇವರು ಇಲ್ಲಿ ಗುರುತಿನ ಹನ್ನೆರಡು ಜನರಿಗೆ ಊಟ ಹಾಕಿ ಮನೆ ನಡೆಸುತ್ತಿದ್ದರು. ಯಾರ ಮನೆ ಯಾವ ಬಾವಿಯ ಹತ್ತಿರ, ಯಾರಿಗೆ ಯಾರು ಏನಾಗಬೇಕು ಎಂದು ಇಬ್ಬರೂ ಮಾತಿಗೆ ಕೂತರೆ ಪ್ರದರ್ಶನ ಮುಚ್ಚಿಯೇ ಹೋಯಿತು. ಅತ್ತೆ ಮೂರು ಸಲ ಅನ್ನ ಹಾಕಿಸಿಕೊಂಡಳು.

ಹೊರಡುವಾಗ ರತ್ನಾಬಾಯಿ ನನ್ನ ನೋಟುಪುಸ್ತಕ ನೋಡಿ ಹೇಳಿದರು, “ತಂಗೀ, ಪೇಪರಿಗೆ ಹಾಕ್ಬೇಡ ಹಾಂ. ನಂಗೆ ಇಷ್ಟೇ ಆಗೂದು.”

ನಾನು ತಲೆಯಾಡಿಸಿದೆ.

ಆ ತಲೆಯಾಡಿಸಿದ್ದನ್ನು ನಾಲ್ಕು ವಾರ ಪಾಲಿಸಿದೆ. ಐದನೆಯ ವಾರ ಜ್ವರ ಬಂದು ಎಲ್ಲೂ ಹೋಗಲಾಗಲಿಲ್ಲ, ಚೌಕ ಖಾಲಿ. “ಜಾಗ ಬಿಟ್ಟು ಅಚ್ಚು ಮಾಡೂಕಾಗ್ತದಾ?” ಎಂದು ಮಾಸ್ತರು ಎರಡು ಸಲ ಕೇಳಿದರು. ಖಾಲಿ ಬಿಡಬಹುದಿತ್ತು. ಹಳೆಯದನ್ನು ಮತ್ತೆ ಹಾಕಬಹುದಿತ್ತು. ನಾನು ಹೆಸರು ಹೇಳದೆ ಬರೆದರೆ ಬರೆದಂತಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅಷ್ಟು ಒಳ್ಳೆಯ ಸಂಗತಿ ನನ್ನ ಕೈಯಲ್ಲಿದೆ ಎಂದು ಊರಿಗೆ ತೋರಿಸುವ ಆಸೆ ತಡೆಯಲಾಗಲಿಲ್ಲ. ‘ಸೇತುವೆ ದಾಟಿದರೆ ನೀಲಿ ಬಾಗಿಲಿನ ಒಂದು ಮನೆ. ಅಲ್ಲಿ ಕಳೆದುಹೋದ ತೋಡೂರಿನ ರುಚಿ ಇನ್ನೂ ಕುದಿಯುತ್ತಿದೆ’ ಎಂದು ಆರಂಭಿಸಿದೆ. ನಾನು ಬರೆದದ್ದರಲ್ಲಿ ಅದೇ ಅತ್ಯುತ್ತಮ ಎಂದರು ಮಾಸ್ತರು.

ಶನಿವಾರ ಶಾಂತತ್ತೆ ಜಗುಲಿಯಲ್ಲಿ ಕೂತು, ಬೆರಳಿಟ್ಟುಕೊಂಡು, ನಿಧಾನವಾಗಿ ಓದಿದಳು. ಹೊಗಳುತ್ತಾಳೆಂದು ನಾನು ಬಾಗಿಲಲ್ಲೇ ನಿಂತಿದ್ದೆ.

“ಅವಳು ಬೇಡ ಅಂದಿದ್ಲು.”

“ಹೆಸರು ಹಾಕಿಲ್ಲವಲ್ಲ ಅತ್ತೇ.”

“ನೀಲಿ ಬಾಗಿಲು ಹಾಕಿದ್ಯಲ್ಲ,” ಎಂದಳು. ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. ಭಾನುವಾರ ಬೆಳಿಗ್ಗೆ ಗದ್ದೆಗೆ ಉಡುವ ಸೀರೆಯಲ್ಲೇ ಹೊರಟು ನಿಂತು, “ನಡಿ,” ಎಂದಳು.

ನಾವು ಮುಟ್ಟುವಷ್ಟರಲ್ಲಿ ಹನ್ನೆರಡು ಗಂಟೆ. ನೀಲಿ ಬಾಗಿಲು ಮುಚ್ಚಿತ್ತು. ಅಂಗಳದಲ್ಲಿ ನಲವತ್ತು ಐವತ್ತು ಜನ. ಗೋವಾದ ನಂಬರಿನ ಎರಡು ಕಾರು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದವು. ದಿನಾ ಉಣ್ಣುವ ಟೆಂಪೋ ಚಾಲಕ ಮತ್ತು ಅವನ ಜೊತೆಯವರು ಮಾವಿನಮರದ ಕೆಳಗೆ ಪರಕೀಯರಂತೆ ನಿಂತಿದ್ದರು. “ಪೇಪರ್ನಲ್ಲಿ ಬಂದಿದೆ, ಬಾಗಿಲು ತೆಗೀರಿ,” ಎಂದು ಯಾರೋ ಬಡಿಯುತ್ತಿದ್ದರು.

ಅತ್ತೆ ಹಿತ್ತಲ ಕಡೆ ತಿರುಗಿದಳು. ನಾನು ಹಿಂದೆಯೇ ಹೊರಟರೆ ತಡೆದಳು. “ನೀ ಎಲ್ಲಿಗೆ? ನೀ ಕರೆದವರು ಇವ್ರು. ನೀನೇ ಮಾತಾಡು.”

ಜಗುಲಿಯ ಮೆಟ್ಟಿಲು ಹತ್ತಿದೆ. “ಬರೆದವಳು ನಾನು,” ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. “ಇವರು ಬೇಡ ಅಂದಿದ್ದರು. ನಾನು ಕೇಳದೆ ಬರೆದೆ. ಇದು ಹೋಟೆಲಲ್ಲ, ಹನ್ನೆರಡು ಜನರ ಮನೆ. ತಪ್ಪು ನನ್ನದು.” ಒಬ್ಬರು, “ಮಡಗಾಂವದಿಂದ ಬಂದಿದ್ದೇವೆ, ಈಗ ತಪ್ಪು ಅಂದ್ರೆ ಹೊಟ್ಟೆ ತುಂಬ್ತದಾ?” ಎಂದರು. ಅವರು ಹೇಳಿದ್ದು ನ್ಯಾಯವೇ. ಐದಾರು ತಿಂಗಳು ಉಂಡದ್ದೆಲ್ಲ ಆಗ ಉಪಯೋಗಕ್ಕೆ ಬಂತು. ಯಾವ ಖಾನಾವಳಿ ಭಾನುವಾರ ತೆರೆದಿರುತ್ತದೆ, ಎಲ್ಲಿ ತಿಸರೆ ಚೆನ್ನ, ಮಕ್ಕಳಿಗೆ ಖಾರವಿಲ್ಲದ್ದು ಎಲ್ಲಿ, ಯಾವ ಬಸ್ಸು ಎಷ್ಟು ಹೊತ್ತಿಗೆ, ಒಂದೊಂದು ಕುಟುಂಬಕ್ಕೆ ಒಂದೊಂದು ದಾರಿ ಹೇಳಿ ಕಳಿಸಿದೆ. ಕೆಲವರು ಬೈದರು, ಕೆಲವರು ನಕ್ಕರು. ಗಂಟಲು ಒಣಗಿ ಹೋಯಿತು.

ಅಂಗಳ ಖಾಲಿಯಾದರೂ ಐದು ಜನ ಕದಲಲಿಲ್ಲ. ಮುದುಕರೊಬ್ಬರು, ಅವರ ಹೆಂಡತಿ, ಬೇರೆ ಇನ್ನೊಂದು ಕಡೆಯಿಂದ ಬಂದ ಮೂವರು ಹೆಂಗಸರು. ಅವರಿಗೂ ಒಂದು ಖಾನಾವಳಿ ಹೇಳಹೊರಟೆ. ಮುದುಕರು ತಡೆದರು.

“ನಮಗೆ ಊಟ ಬೇಡ ಮಗಾ. ತೋಡೂರು ಅಂತ ಬರೆದಿದ್ದೆಯಲ್ಲ. ಯಾರ ಮನೆಯವ್ರು ಅಂತ ನೋಡ್ಕಂಡು ಹೋಗ್ವಾ ಅಂತ ಬಂದೆವು.”

ಮೂವರು ಹೆಂಗಸರೂ ಅದಕ್ಕೇ ಬಂದವರು. ಒಬ್ಬರಿಗೊಬ್ಬರು ಗುರುತು ಸಿಗದೆ ಒಂದು ತಾಸಿನಿಂದ ಒಂದೇ ಅಂಗಳದಲ್ಲಿ ನಿಂತಿದ್ದರು! ನಾನು ಹಿತ್ತಲಿಗೆ ಓಡಿ ಹೋಗಿ ಹೇಳಿದೆ. ರತ್ನಾಬಾಯಿ ಒಲೆಯ ಮುಂದೆ ಕೂತಿದ್ದರು, ಅತ್ತಿದ್ದರೆಂದು ಕಣ್ಣು ಹೇಳುತ್ತಿತ್ತು. ಮುದುಕರ ಹೆಸರು ಕೇಳಿದ್ದೇ ಎದ್ದು ಬಂದು ತಾವೇ ಬಾಗಿಲು ತೆರೆದರು. ಅವರು ರತ್ನಾಬಾಯಿಯ ಮಾವನ ಗೆಳೆಯರು. ಆಮೇಲಿನದನ್ನು ನಾನು ಬರೆಯಲಾರೆ, ಏಕೆಂದರೆ ಎಲ್ಲರೂ ಒಟ್ಟಿಗೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು, ಒಟ್ಟಿಗೆ ನಗುತ್ತಿದ್ದರು, ನನಗೆ ಅರ್ಧವೂ ಹಿಡಿಯಲಾಗಲಿಲ್ಲ. ಶಾಂತತ್ತೆ ತೆಂಗಿನಕಾಯಿ ಹೆರೆಯುತ್ತಾ ನಡುನಡುವೆ ತನ್ನ ತಾಯಿಯ ಹೆಸರು ಸೇರಿಸುತ್ತಿದ್ದಳು. ಹನ್ನೆರಡು ಜನರ ಅಡುಗೆ ಆ ದಿನ ಇಪ್ಪತ್ತು ಜನರಿಗೆ ಸಾಕಾಯಿತು. ಬಡಿಸಿದ್ದು ನಾನು. ತೊಳೆದದ್ದೂ ನಾನು.

ಎಲ್ಲರೂ ಹೋದ ಮೇಲೆ ರತ್ನಾಬಾಯಿಯ ಮುಂದೆ ನಿಂತೆ. ಒಳ್ಳೆಯದೇ ಆಯಿತಲ್ಲ ಎಂದು ಅವರೇ ಹೇಳಬಹುದೆಂಬ ಆಸೆ ನನಗಿತ್ತು. ಅವರು ನನ್ನ ಒದ್ದೆ ಕೈಗೆ ಟವೆಲ್ ಕೊಟ್ಟು ಹೇಳಿದರು, “ನೀ ಮಾಡಿದ್ದು ತಪ್ಪೇ, ತಂಗೀ. ಇವರು ಬಂದದ್ದು ಬೇರೆ ಮಾತು.”

ಮುಂದಿನ ವಾರ ಆ ಚೌಕದಲ್ಲಿ ಊಟವಿರಲಿಲ್ಲ. ಕ್ಷಮೆಯಿತ್ತು. ಮಾಸ್ತರು ಒಂದಕ್ಷರವನ್ನೂ ತಿದ್ದಲಿಲ್ಲ. ಜನ ಬರುವುದು ನಿಲ್ಲುವ ತನಕ, ಸುಮಾರು ಎರಡು ತಿಂಗಳು, ಭಾನುವಾರಗಳಂದು ಅತ್ತೆ ಸದಾಶಿವಗಡಕ್ಕೆ ಹೋಗಿ ರತ್ನಾಬಾಯಿಗೆ ಜೊತೆಯಾದಳು. ನಾನು ಮೆಟ್ಟಿಲ ಮೇಲೆ ನಿಂತು ದಾರಿ ಹೇಳುವ ಕೆಲಸ ಮಾಡಿದೆ. ಜನ ಬರುವುದು ನಿಂತ ಮೇಲೂ ಅತ್ತೆಯ ಹೋಗುವಿಕೆ ನಿಲ್ಲಲಿಲ್ಲ. ತಿಂಗಳಿಗೊಂದು ಭಾನುವಾರ ತೋಡೂರಿನವರು, ಅವರಿಗೆ ಗೊತ್ತಿದ್ದ ಇನ್ನಷ್ಟು ತೋಡೂರಿನವರು, ತಮ್ಮ ತಮ್ಮ ಮನೆಯಿಂದ ಒಂದೊಂದು ಪದಾರ್ಥ ಮಾಡಿಕೊಂಡು ಆ ಜಗುಲಿಗೆ ಬರತೊಡಗಿದರು. ಕಾರ್ಯಕ್ರಮಗಳ ಪಟ್ಟಿ ಮಾಡುವುದೇ ನನ್ನ ಕೆಲಸವಾಗಿತ್ತು. ಅದೊಂದನ್ನು ಮಾತ್ರ ನಾನು ಯಾವತ್ತೂ ಹಾಕಲಿಲ್ಲ.

ಪತ್ರಿಕೆ ನಿಂತು ಬಹಳ ಕಾಲವಾಯಿತು. ಶಾಂತತ್ತೆಗೆ ಈಗ ಮಂಡಿನೋವು, ಬಸ್ಸಿನ ಮೆಟ್ಟಿಲು ಎತ್ತರ. ದಿನಾ ಬೆಳಿಗ್ಗೆ ರತ್ನಾಬಾಯಿಗೆ ಫೋನು ಮಾಡಿ ಇವತ್ತು ಯಾವ ಮೀನು ಎಂದು ಕೇಳದೆ ಅವಳಿಗೆ ಚಹಾ ಇಳಿಯುವುದಿಲ್ಲ.

ಇದನ್ನು ಬರೆಯಬೇಕೆನ್ನಿಸಿದಾಗ ಇಂದು ಬೆಳಿಗ್ಗೆ ಅತ್ತೆಯ ಕೈಯಿಂದ ಫೋನು ಇಸಕೊಂಡು ನಾನೇ ಮಾತಾಡಿದೆ. ಕೇಳಿಯೇ ಬರೆಯುತ್ತೇನೆ, ನೀವು ಬೇಡವೆಂದರೆ ಇಲ್ಲ ಎಂದೆ. ಆ ಕಡೆಯಿಂದ ನಗು.

“ಬರಿ, ಬರಿ. ನಂಗೂ ವಯಸ್ಸಾಯ್ತು, ಅಡಿಗೆ ಬಿಟ್ಟು ನಾಲ್ಕು ವರ್ಷ ಆಯ್ತು. ಊಟ ಸಿಗೂದಿಲ್ಲ ಅಂತ ಸರಿಯಾಗಿ ಬರಿ. ಮತ್ತೆ... ತೋಡೂರಿನವ್ರು ಯಾರಾದ್ರೂ ಓದಿ ಬಂದ್ರೆ ಚಾ ಮಾಡ್ತೆ ಅಂತ್ಲೂ ಬರಿ.”

ಬರೆದಿದ್ದೇನೆ.